ಮೂರು ಅಮಾವಾಸ್ಯೆಯ ಆಣೆ

ಬೂದೆಮ್ಮ ಸತ್ತದ್ದು ಎಂಬತ್ತೆರಡನೆಯ ವಯಸ್ಸಿನಲ್ಲಿ. ಸಂಜೆ ಅರ್ಧ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ತಿಂದು, ಸೊಸೆಯ ಕೈಲಿ ಕಾಲು ಒತ್ತಿಸಿಕೊಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಒಂದು ದಿನ ಹಾಸಿಗೆ ಹಿಡಿಯಲಿಲ್ಲ, ಯಾರ ಕೈಗೂ ಬೇಸರವಾಗಲಿಲ್ಲ. ಇಂಥ ಸಾವು ನಮಗೂ ಬರಲಿ ಎಂದು ಮಂದಿ ದೇವರಿಗೆ ಕಾಯಿ ಒಡೆಸುತ್ತಾರೆ. ಆದರೆ ದೇವದುರ್ಗದ ಆ ಓಣಿಯಲ್ಲಿ ಅವಳ ಹೆಣದ ಸುತ್ತ ಕೂತವರು ಅತ್ತದ್ದು ಕಡಿಮೆ, ಒಬ್ಬರ ಕಿವಿಯಲ್ಲಿ ಒಬ್ಬರು ಊದಿದ್ದು ಹೆಚ್ಚು.

"ಆಣಿ ಬಡೀತು ನೋಡಪಾ. ಇನ್ನಾ ಎರಡನೇ ಅಮಾಸಿನೂ ಆಗಿಲ್ಲ."

ಕುಣಿಗೆ ಮಣ್ಣು ಹಾಕುತ್ತಿದ್ದ ಮಗ ಆದೆಪ್ಪನಿಗೆ ಈ ಮಾತು ಚೆನ್ನಾಗಿಯೇ ಕೇಳಿಸಿತು. ತಾಯಿಗಾಗಿ ಅಳಬೇಕಿದ್ದ ಕಣ್ಣು ಅಲ್ಲೇ ಒಣಗಿತು. ಮಣ್ಣಿನ ಹಿಡಿ ಕೈಯಲ್ಲೇ ಹಿಡಿದು ಅವನು ಒಂದು ಗಳಿಗೆ ನಿಂತ. ಯಾರಾದರೂ ಭುಜ ಮುಟ್ಟದಿದ್ದರೆ ಆ ಹಿಡಿ ಮಣ್ಣನ್ನು ಮಾತಾಡಿದವನ ಬಾಯಿಗೇ ತುರುಕುತ್ತಿದ್ದನೋ ಏನೋ.

ಇದಕ್ಕೆಲ್ಲ ಮೂಲ ರಾಯಚೂರಿನ ಗಂಜ್ ರಸ್ತೆ, ಅಂದರೆ ದಲಾಲಿ ಮಾರುಕಟ್ಟೆಗೆ ಹೋಗುವ ರಸ್ತೆ. ಆ ರಸ್ತೆಯ ಅರ್ಧವನ್ನು ಆ ವರ್ಷ ಯಾವ ಪುಣ್ಯಾತ್ಮರು ಅಗೆದರೋ, ಅಗೆದವರು ಮುಚ್ಚುವುದನ್ನು ಮರೆತರು. ಸುಗ್ಗಿಯ ಕಾಲ ಬೇರೆ. ಹತ್ತಿ ಹೇರಿದ ಟ್ರ್ಯಾಕ್ಟರು, ಭತ್ತದ ಲಾರಿ, ಬಸ್ಸು, ಆಟೋ ಎಲ್ಲ ಉಳಿದರ್ಧ ರಸ್ತೆಗೆ ಬಂದು ಬಿದ್ದು, ಒಂದಕ್ಕೊಂದು ಮೂತಿ ತಿವಿದುಕೊಂಡು, ತಾಸುಗಟ್ಟಲೆ ನಿಲ್ಲುತ್ತಿದ್ದವು. ಆದೆಪ್ಪನದು ಸ್ವಂತದ ಸಣ್ಣ ಸರಕಿನ ಗಾಡಿ. ದೇವದುರ್ಗದ ರೈತರ ಮೆಣಸಿನಕಾಯಿಯನ್ನು ಗಡಿಗೆಪ್ಪ ಸಾಹುಕಾರರ ದಲಾಲಿ ಅಂಗಡಿಗೆ ಹನ್ನೊಂದು ವರ್ಷದಿಂದ ಮುಟ್ಟಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ಕಾಯಿಯ ಮಾತು ಬಂದಿರಲಿಲ್ಲ. ಆ ಸುಗ್ಗಿಯಲ್ಲಿ ಮಾತ್ರ ಮೊದಲು ಎರಡು ಚೀಲ ಹೋದವು, ವಾರದ ಮೇಲೆ ಮತ್ತೆರಡು, ಆಮೇಲೆ ಒಂದೇ ದಿನ ಮೂರು.

ಹೋದದ್ದು ಹಾಡುಹಗಲಲ್ಲಿ, ನೂರು ಜನರ ನಡುವೆ. ಚೀಲಗಳನ್ನು ಗಾಡಿಯ ತಲೆಗಿಂತ ಎತ್ತರಕ್ಕೆ ಹೇರಿರುತ್ತಾರೆ, ಮುಂದೆ ಕೂತ ಡ್ರೈವರನಿಗೆ ಹಿಂದಿನದು ಕಾಣುವುದಿಲ್ಲ. ಇಳಿದು ನೋಡೋಣವೆಂದರೆ ಮುಂದಿನ ಗಾಡಿ ಎರಡು ಮೊಳ ಸರಿದುಬಿಡುತ್ತದೆ, ಹಿಂದಿನವರು ಹಾರ್ನು ಹೊಡೆದು ತಾಯಿ ತಂಗಿಯನ್ನೆಲ್ಲ ನೆನೆಸುತ್ತಾರೆ. ಪೊಲೀಸರಿಗೆ ದೂರು ಕೊಡೋಣವೆಂದರೆ ಎಲ್ಲಿ ಹೋಯಿತು, ಯಾವಾಗ ಹೋಯಿತು ಎಂಬುದೇ ಆದೆಪ್ಪನಿಗೆ ಗೊತ್ತಿರಲಿಲ್ಲ.

ಗಡಿಗೆಪ್ಪ ಸಾಹುಕಾರರು ಹಣೆತುಂಬ ವಿಭೂತಿಯ ಮನುಷ್ಯ. ಮಾತು ಬೆಣ್ಣೆ.

"ಪೊಲೀಸ್ ಗಿಲೀಸ್ ಯಾಕ ಬೇಕಲೇ ಆದೆಪ್ಪ? ನೀ ನಮ್ಮ ಮನಿ ಮನಷ್ಯಾ. ಹನುಮಪ್ಪನ ಗುಡ್ಯಾಗ ಒಂದು ಆಣಿ ಮಾಡ್ಬಿಡು. ರೈತರ ಬಾಯಿನೂ ಮುಚ್ಚತದ, ನನ್ನ ಮನಸಿಗೂ ಸಮಾಧಾನ."

ಆ ಕಡೆ ಆಣೆ ಎಂದರೆ ಬಾಯಿಮಾತಲ್ಲ. ಒದ್ದೆ ಬಟ್ಟೆಯಲ್ಲಿ ಗುಡಿಯ ಮುಂದೆ ನಿಂತು, ಅಂಗೈ ಮೇಲೆ ಉರಿಯುವ ಕರ್ಪೂರ ಇಟ್ಟುಕೊಂಡು 'ನಾನು ಕದ್ದಿಲ್ಲ' ಎನ್ನಬೇಕು. ಅಲ್ಲಿಗೂ ಮುಗಿಯುವುದಿಲ್ಲ. ಅಂದಿನಿಂದ ಮೂರು ಅಮಾವಾಸ್ಯೆ ಕಳೆಯುವ ತನಕ ಊರು ಕಾಯುತ್ತದೆ. ಅಷ್ಟರೊಳಗೆ ಅವನ ಮನೆಯಲ್ಲಿ ಆಕಳು ಸತ್ತರೂ, ಕೂಸು ಮಂಚದಿಂದ ಬಿದ್ದರೂ ಆಣೆ ಸುಳ್ಳೆಂದೇ ತೀರ್ಮಾನ. ಆದೆಪ್ಪ ಅಂಗೈ ಸುಟ್ಟುಕೊಂಡು ಆಣೆ ಮಾಡಿದ. ಮೊದಲನೆಯದು, ಅವರಾತ್ರಿ ಅಮಾವಾಸ್ಯೆ, ಸುಮ್ಮನೆ ಕಳೆಯಿತು. ಶಿವರಾತ್ರಿ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಬೂದೆಮ್ಮ ಕಣ್ಣು ಮುಚ್ಚಿದಳು.

"ವಯಸ್ಸಾಗಿತ್ತರೀ ನಮ್ಮವ್ವಗ. ಎಂಬತ್ತೆರಡಾಗಿತ್ತು" ಎಂದು ಆದೆಪ್ಪ ಸಿಕ್ಕವರಿಗೆಲ್ಲ ಹೇಳಿದ. ಹೌದೌದು ಎಂದು ತಲೆಯಾಡಿಸಿದವರೇ ಅವನು ಬೆನ್ನು ತಿರುಗಿಸಿದ ಮೇಲೆ ನಕ್ಕರು. ಮಂದಿಯ ಬಾಯಿಗೆ ಬೀಗ ಹಾಕುವ ಬಡಿಗ ಇನ್ನೂ ಹುಟ್ಟಿಲ್ಲ. ದಿನ ಮುಗಿಯುವುದರೊಳಗೆ ರೈತರು ಬೇರೆ ಗಾಡಿ ಹುಡುಕಿಕೊಂಡರು. ಗಂಜಿನಲ್ಲಿ ಸಾಹುಕಾರರು ಚಹಾ ಕುಡಿಯುತ್ತ ಆಡಿದ ಮಾತೊಂದು, ನಾಲ್ಕು ಬಾಯಿ ದಾಟಿ, ಒಂದಕ್ಷರ ಕೆಡದಂತೆ ದೇವದುರ್ಗಕ್ಕೆ ಬಂತು: "ದೇವರ ಕಚೇರ್ಯಾಗ ತೀರ್ಪ ಆತಲ್ಲ, ಇನ್ನೇನ್ ಕೇಳೂದದ?"

ಆದೆಪ್ಪ ಆ ದಿನ ಊಟ ಮಾಡಲಿಲ್ಲ. ಕಳ್ಳ ಎಂದದ್ದನ್ನು ಹೇಗೋ ನುಂಗಬಹುದಿತ್ತು. ಹೆತ್ತ ತಾಯಿಯ ಸಾವನ್ನೇ ತನ್ನ ಕಳ್ಳತನಕ್ಕೆ ಸಾಕ್ಷಿ ಮಾಡಿಟ್ಟರಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ.

ಮಾನ್ವಿಯಿಂದ ಮಾತಾಡಿಸಲು ಬಂದವನು ಹುಸೇನಪೀರ ಒಬ್ಬನೇ. ಅವನದೂ ಸರಕಿನ ಗಾಡಿ, ಅದೇ ಗಂಜ್ ರಸ್ತೆ. ಓಣಿಯವರು ಕುಡಿಯದ ನೀರನ್ನು ಆ ಮನೆಯಲ್ಲಿ ಕುಡಿದು, ಬಾಯಿ ಒರೆಸಿಕೊಂಡು ಹೇಳಿದ.

"ಆದೆಪ್ಪಣ್ಣ, ನನ್ನ ಗಾಡ್ಯಾಗಿಂದನೂ ಹ್ವಾದ ವಾರ ಎರಡು ಚೀಲ ಹ್ವಾದವು. ನಮ್ಮ ದಲಾಲ ಬೈದು ಬಿಟ್ಟ, ಅಷ್ಟ. ಖುದಾ ಕಸಮ್, ಆ ಹರಾಮಿಗಳು ಅಲ್ಲೇ ಎಲ್ಲೋ ಅದಾರ."

ಆದೆಪ್ಪ ಅವನನ್ನೇ ನೋಡಿದ. ಮೆಣಸಿನಕಾಯಿ ಚೀಲ ಅಕ್ಕಿ ಚೀಲದಂತೆ ಗಿಡ್ಡವಲ್ಲ. ನಿಲ್ಲಿಸಿದರೆ ಆಳೆತ್ತರ, ತೂಕ ಮಾತ್ರ ನಲವತ್ತು ಕಿಲೋದ ಆಚೆ ಈಚೆ. ಆದೆಪ್ಪನೂ ಹುಟ್ಟಾ ಕಡ್ಡಿ ಪೈಲ್ವಾನ. ಮದುವೆಯಲ್ಲಿ ತೂಗಿದಾಗ ನಲವತ್ತೇಳಿದ್ದವನು, ಈ ಎರಡು ತಿಂಗಳಲ್ಲಿ ಇನ್ನೂ ಇಳಿದಿದ್ದ.

"ಹುಸೇನಪೀರ, ನಾ ಚೀಲದಾಗ ಕುಂದ್ರತೀನಿ" ಎಂದ.

ಹುಸೇನಪೀರ ನಕ್ಕ. ಆದೆಪ್ಪ ನಗಲಿಲ್ಲ. ಹಿಂದೆ ನಿಂತಿದ್ದ ಹೆಂಡತಿ ತಿಮ್ಮವ್ವ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು.

"ತಲಿ ಗಿಲಿ ಕೆಟ್ಟದೇನು? ಖಾರದಾಗ ಉಸಿರುಗಟ್ಟಿ ಸತ್ರ? ಅತ್ತಿ ಹೆಣ ಎತ್ತಿ ಹನ್ನೆರಡು ದಿನ ಆಗಿಲ್ಲ, ನಿನ್ನದು ಎತ್ತಾಕ ನನ್ನ ಕೈಲಿ ಆಗಂಗಿಲ್ಲ."

"ಹಂಗಂದ್ರ ಹಿಂಗ ಬದುಕೂದಾ?"

ತಿಮ್ಮವ್ವ ಸುಗ್ಗಿಯಲ್ಲಿ ಮೆಣಸಿನಕಾಯಿ ಕಣದಲ್ಲಿ ಚೀಲದ ಬಾಯಿ ಹೊಲಿಯುವ ಹೆಂಗಸು. ದಬ್ಬಣ, ಸುತಳಿ ಹಿಡಿದರೆ ಅವಳ ಹೊಲಿಗೆ ಗಂಡಸರ ಕೈಗೂ ಬಿಚ್ಚುತ್ತಿರಲಿಲ್ಲ. ಈ ಬಾರಿ ಅವಳನ್ನೂ ಯಾರೂ ಕಣಕ್ಕೆ ಕರೆದಿರಲಿಲ್ಲ. ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ದಬ್ಬಣ ಹಿಡಿದುಕೊಂಡೇ ಹೊರಗೆ ಬಂದಳು.

"ಅತ್ತಿ ಮ್ಯಾಲಿನ ಮಾತು ನನ್ನ ಹೊಟ್ಟ್ಯಾಗೂ ಅದ. ಆದರ ಹೊಲಿಯಾಕಿ ನಾನ. ಬ್ಯಾರೆ ಯಾರರ ಕೈ ಹಚ್ಚಿದ್ರ ನೋಡು ಮತ್ತ."

ಮಾನ್ವಿಯ ಕಣದಲ್ಲಿ ಬೆಳಿಗ್ಗೆ ಏಳಕ್ಕೆ ಚೀಲ ತಯಾರಾಯಿತು. ತಳಕ್ಕೆ ಒಂದು ಪದರ ಕಾಯಿ, ಅದರ ಮೇಲೆ ಮೊಣಕಾಲು ಮಡಚಿ ಆದೆಪ್ಪ, ಸುತ್ತ ಸಂದಿಗೆಲ್ಲ ಕಾಯಿ, ತಲೆಯ ಮೇಲೆ ಮತ್ತೊಂದು ಪದರ. ಮೂಗು ಬಾಯಿಗೆ ಒದ್ದೆ ಬಟ್ಟೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚೂರಿ. ಅವನೆಲ್ಲಿದ್ದಾನೆಂದು ಹುಸೇನಪೀರನ ಫೋನಿನಲ್ಲಿ ಚುಕ್ಕೆಯಾಗಿ ಕಾಣುವಂತೆ ಮಾಡಿದ್ದರು. ತಿಮ್ಮವ್ವ ಬಾಯಿ ಹೊಲಿದು, ಕೊನೆಯ ಗಂಟು ಹಾಕುವಾಗ ಗೋಣಿಗೆ ಬಾಯಿ ಹಚ್ಚಿ ಏನೋ ಅಂದಳು. ಅವನಿಗೆ ಕೇಳಿಸಲಿಲ್ಲ. ಹುಸೇನಪೀರ ಆ ಚೀಲವನ್ನು ಎಲ್ಲಕ್ಕಿಂತ ಹಿಂದೆ, ಹಗ್ಗ ಸಡಿಲ ಬಿಟ್ಟು ಹೇರಿ, ತಿಮ್ಮವ್ವನನ್ನು ಮುಂದೆ ಕೂರಿಸಿಕೊಂಡು ಹೊರಟ.

ಮೊದಲ ದಿನ ಕಳ್ಳರು ಬರಲೇ ಇಲ್ಲ. ಮೂರೂವರೆ ತಾಸು ಖಾರದಲ್ಲಿ ಕೂತು, ಕಣ್ಣು ಬೋರೆಹಣ್ಣಿನಂತೆ ಊದಿಸಿಕೊಂಡು ಆದೆಪ್ಪ ಹೊರಗೆ ಬಂದ. ತಿಮ್ಮವ್ವ ಮೈಗೆಲ್ಲ ಮಜ್ಜಿಗೆ ಹಚ್ಚುತ್ತ ಅತ್ತಳು, ಬೈದಳು, ನಾಳೆ ಬೇಡ ಎಂದಳು. ಮರುದಿನ ಏಳಕ್ಕೆ ಅವನು ಮತ್ತೆ ಚೀಲದೊಳಗಿದ್ದ.

ಗಂಜ್ ರಸ್ತೆಗೆ ಬಂದದ್ದು ಒಂಬತ್ತೂವರೆಗೆ. ಗಾಡಿ ನಿಂತದ್ದು ಗೊತ್ತಾಯಿತು. ಮೇಲೆ ಬಿಸಿಲು ಚೀಲವನ್ನು ಕಾಯಿಸತೊಡಗಿತು. ಹೊರಗೆ ಕಬ್ಬಿನ ಹಾಲಿನವನ ಗಂಟೆ, ಬಸ್ಸಿನ ಕಂಡಕ್ಟರನ ಸಿಳ್ಳೆ, ಯಾರದೋ ಫೋನಿನ ಜಗಳ. ಬೆವರಿನ ಜೊತೆ ಖಾರ ಸೇರಿ ಕುತ್ತಿಗೆ, ಕಂಕುಳು, ಎಲ್ಲಿ ಹೇಳಬಹುದೋ ಅಲ್ಲಿ, ಎಲ್ಲಿ ಹೇಳಬಾರದೋ ಅಲ್ಲಿ, ಎಲ್ಲ ಕಡೆ ಉರಿ. ಆಗ ಹಗ್ಗ ಕೊಯ್ಯುವ ಕರಕರ ಸದ್ದು ತಲೆಯ ಹತ್ತಿರವೇ ಬಂತು.

ಗೋಣಿಯ ನೇಯ್ಗೆಯಿಂದ ಒಬ್ಬನ ತಲೆ ಕಂಡಿತು. ತಲೆಗೆ ಟವೆಲ್ಲು, ಕೈಯಲ್ಲಿ ಹಮಾಲರು ಚೀಲ ಎಳೆಯುವ ಕಬ್ಬಿಣದ ಕೊಕ್ಕೆ. ಆದೆಪ್ಪನಿಗೆ ಎಲ್ಲ ಒಂದೇ ಸಲಕ್ಕೆ ಹೊಳೆಯಿತು. ಇಷ್ಟು ಜನರ ನಡುವೆ ಯಾಕೆ ಯಾರೂ ಕೇಳಲಿಲ್ಲವೆಂದರೆ, ಗಂಜಿನ ರಸ್ತೆಯಲ್ಲಿ ಟವೆಲ್ಲು ಸುತ್ತಿ ಕೊಕ್ಕೆ ಹಿಡಿದವನು ಚೀಲ ಇಳಿಸಿದರೆ ಅದನ್ನು ಯಾರು ಕಳ್ಳತನ ಎಂದಾರು? ನೂರು ಕಣ್ಣು ನೋಡಿದರೂ ಕೆಲಸವೇ ಕಾಣುತ್ತದೆ.

ಆ ಕೊಕ್ಕೆ ಗೋಣಿ ಸೀಳಿಕೊಂಡು ಬಂದು ಅವನ ತೊಡೆಗೆ ನಾಟಿತು.

ಗಾಯದ ಮೇಲೆ ಉಪ್ಪು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆದೆಪ್ಪನ ಗಾಯದ ಮೇಲೆ ಬಿದ್ದದ್ದು ಮಾನ್ವಿಯ ಖಾರ. ಕೂಗು ಗಂಟಲಿನವರೆಗೆ ಬಂತು. ಬಾಯಿಯ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಕಣ್ಣ ಮುಂದೆ ಅವ್ವನ ಕುಣಿ, ಅದರ ಅಂಚಿನಲ್ಲಿ ನಿಂತು ಪಿಸುಗುಟ್ಟಿದವರ ಕಾಲುಗಳು. ಕೂಗಿದರೆ ಆ ಮಂದಿಯೇ ಗೆದ್ದಂತೆ ಎಂದುಕೊಂಡು ಕೂಗನ್ನು ಒಳಗೇ ಅರೆದ. ರಕ್ತ ಗೋಣಿಗೆ ಒಸರಿತು. ಕೆಂಪು ಕಾಯಿಯ ಚೀಲದಲ್ಲಿ ಆ ಕೆಂಪು ಯಾರಿಗೆ ಕಾಣಬೇಕು?

"ಇದೇನಲೇ ವಿನೋದ, ಭಾಳ ವಜ್ಜಿ ಅದ?" ಎಂದಿತು ಇನ್ನೊಂದು ದನಿ.

"ಹಸೀ ಕಾಯಿ ಇರ್ಬೇಕು. ನೀರು ಹೊಡದು ತೂಕ ಹೆಚ್ಚ ಮಾಡ್ತಾರಲೇ, ಕಳ್ಳ ನನ್ಮಕ್ಕಳು."

ಕಳ್ಳರಿಗೂ ರೈತರ ಮೇಲೆ ಅನುಮಾನ! ಚೀಲ ಧೊಪ್ಪೆಂದು ಆಟೋದೊಳಗೆ ಬಿತ್ತು. ಆದೆಪ್ಪ ಒಂದು ಸಲ ಸೀನಿದ. ಆದರೆ ಆ ಹೊತ್ತಿಗೆ ಖಾರದ ದೂಳಿಗೆ ಇಬ್ಬರು ಕಳ್ಳರೂ ಸೀನುತ್ತಿದ್ದರು, ಮೂರನೆಯ ಸೀನು ಯಾರದೆಂದು ಯಾರೂ ವಿಚಾರಿಸಲಿಲ್ಲ.

ಅರ್ಧ ತಾಸು ಆಟೋ ಓಡಿತು. ನಿಂತದ್ದು ಶಕ್ತಿನಗರದ ರಸ್ತೆಯಲ್ಲಿ, ಮುಚ್ಚಿಹೋದ ಬೂದಿ ಇಟ್ಟಿಗೆ ಕಾರ್ಖಾನೆಯ ಶೆಡ್ಡಿನ ಮುಂದೆ. ಚೀಲವನ್ನು ಒಳಗೆ ಎಳೆದು ಹಾಕಿದರು. ವಿನೋದ ಬಾಯಿಯ ಹೊಲಿಗೆ ಬಿಚ್ಚಲು ಕೂತ. ತಿಮ್ಮವ್ವನ ಗಂಟು ಬಿಚ್ಚುವುದು ಅಷ್ಟು ಸಸಾರವಲ್ಲ. ಅವನು ಬೆರಳು ಹಾಕಿ, ಹಲ್ಲು ಹಾಕಿ, ಬೈಯುತ್ತ ಒದ್ದಾಡುತ್ತಿರುವಾಗ ಚೀಲದ ಹೊಟ್ಟೆ ತನ್ನಷ್ಟಕ್ಕೆ ತಾನೇ ಸೀಳಿತು.

ಒಳಗಿನಿಂದ ಕೆಂಪು ಕಣ್ಣಿನ, ಕೆಂಪು ಮುಖದ, ಮೈಯೆಲ್ಲ ಬೀಜ ಮೆತ್ತಿದ, ತೊಡೆಯಿಂದ ರಕ್ತ ಸುರಿಯುವ ಒಂದು ರೂಪ ಚೂರಿ ಹಿಡಿದು ಎದ್ದು ನಿಂತಿತು.

"ಯವ್ವಾ!" ಎಂದ ವಿನೋದ. ಆಟೋ ಓಡಿಸುತ್ತಿದ್ದವನು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ವಿನೋದ ಹಿಂದೆ ಸರಿಯಲು ಹೋಗಿ ಗೋಣಿಗೆ ಎಡವಿ ಬಿದ್ದ. ಆದೆಪ್ಪ ಚೂರಿಯನ್ನು ಮಾತ್ರ ತೋರಿಸಿ, ಇನ್ನೊಂದು ಕೈಯಿಂದ ಹಿಡಿ ತುಂಬ ಖಾರದ ಬೀಜ ಬಾಚಿ ಅವನ ಮುಖಕ್ಕೆ ತಿಕ್ಕಿದ. ಎರಡು ತಿಂಗಳಿನಿಂದ ಆ ಕೈ ಇದಕ್ಕೇ ಕಾಯುತ್ತಿತ್ತು.

"ದೇವದುರ್ಗದ ಗಾಡಿ. ಏಳು ಚೀಲ. ಹೇಳು."

"ಹೌದ್ರೀ ಯಪ್ಪಾ, ನಾವ ಇಳಿಸೀವಿ... ಕಣ್ಣು ಹೊಂಟಾವ್ರೀ..."

"ಡ್ರೈವರಗ ಗೊತ್ತಿತ್ತೇನು?"

"ಇಲ್ರೀ! ಆ ಮಬ್ಬ ಮುಂದ ಕುಂತು ಹಾಡು ಕೇಳತಿದ್ದ!"

ಈ 'ಮಬ್ಬ' ಎನ್ನುವ ಮಾತು ಆದೆಪ್ಪನಿಗೆ ಆ ಗಳಿಗೆಯಲ್ಲಿ ಬಿರುದು ಕೊಟ್ಟಂತೆ ಕೇಳಿಸಿತು. ಶೆಡ್ಡಿನ ಮೂಲೆಯಲ್ಲಿ ಖಾಲಿ ಗೋಣಿಗಳ ಗುಡ್ಡೆ ಇತ್ತು. ಅದರಲ್ಲಿ ಗಡಿಗೆಪ್ಪ ಸಾಹುಕಾರರ ಅಂಗಡಿಯ ಹಸಿರು ಗುರುತಿನವು ಏಳಕ್ಕೆ ಏಳೂ ಸಿಕ್ಕವು. ಅಷ್ಟರಲ್ಲಿ ಯಾರದೋ ಬೈಕು ಇಸಿದುಕೊಂಡು ಚುಕ್ಕೆಯ ಹಿಂದೆ ಬಂದ ಹುಸೇನಪೀರ, ಆ ಬೈಕಿನ ಹಿಂದೆ ತಿಮ್ಮವ್ವ, ಅವರ ಹಿಂದೆ ಚೀಲ ಕಳೆದುಕೊಂಡ ಇನ್ನೂ ನಾಲ್ಕು ಡ್ರೈವರುಗಳು ಬಂದು ಸೇರಿದರು. ತಮ್ಮ ಗಾಡಿಗಳನ್ನು ನಡುರಸ್ತೆಯಲ್ಲೇ ಬಿಟ್ಟು ಬಂದಿದ್ದರು ಪುಣ್ಯಾತ್ಮರು. ಆ ದಿನ ಗಂಜ್ ರಸ್ತೆ ಬಿಡಿಸಿಕೊಂಡದ್ದು ಸಂಜೆ ಐದಕ್ಕೆ.

ತಿಮ್ಮವ್ವ ತನ್ನ ಸೆರಗು ಹರಿದು ಗಂಡನ ತೊಡೆಗೆ ಕಟ್ಟಿದಳು. ಆಮೇಲೆ ಎದ್ದು ವಿನೋದನ ಕಪಾಳಕ್ಕೆ ಒಂದು ಬಿಟ್ಟಳು. ಅದು ಬೂದೆಮ್ಮನ ಲೆಕ್ಕದ್ದು.

"ಪೊಲೀಸರಿಗೆ ಕೊಡೂಣು" ಎಂದ ಹುಸೇನಪೀರ.

"ಕೊಡೂಣು. ಮೊದಲ ಸಾವ್ಕಾರ್ರ ಅಂಗಡಿ" ಎಂದ ಆದೆಪ್ಪ.

ಮಧ್ಯಾಹ್ನ ಎರಡರ ಹೊತ್ತು. ಅಂಗಡಿಯ ಕಟ್ಟೆಯ ಮೇಲೆ ದೇವದುರ್ಗದ ಹತ್ತಾರು ರೈತರು ಧಾರಣೆ ಕಾಯುತ್ತ ಕೂತಿದ್ದರು. ಗುಡಿಯಲ್ಲಿ ಆಣೆ ನೋಡಿದವರೂ ಇದ್ದರು, ಕುಣಿಯ ಅಂಚಿನಲ್ಲಿ ನಿಂತಿದ್ದವರೂ ಇದ್ದರು. ಏಳು ಖಾಲಿ ಗೋಣಿ ತಲೆಯ ಮೇಲೆ ಹೊತ್ತು, ಮುಖ ಊದಿಸಿಕೊಂಡು ಬಂದ ವಿನೋದ ಎಲ್ಲರೆದುರಿಗೆ ಎಲ್ಲವನ್ನೂ ಇನ್ನೊಮ್ಮೆ ಒಪ್ಪಿಸಿದ. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬಿಬ್ಬರು ಚಪ್ಪಲಿ ಹುಡುಕತೊಡಗಿದರು.

ಗಡಿಗೆಪ್ಪ ಸಾಹುಕಾರರು ಗಾದಿಯಿಂದ ಏಳಲಿಲ್ಲ. ಆದರೆ ಬೆಣ್ಣೆಗೇನೂ ಬರವಿರಲಿಲ್ಲ.

"ಛೇ ಛೇ, ನೋಡು ಎಂಥಾ ಮಂದಿ ಇರ್ತಾರ! ಹೋಗ್ಲಿ ಬಿಡಪಾ ಆದೆಪ್ಪ, ಆಗಿದ್ದು ಆತು. ನಾಳಿಂದ ಗಾಡಿ ಹೊಡ್ಕೊಂಡ್ ಬಾ. ಏ, ಎಲ್ಲರಿಗೂ ಚಾ ತರಸ್ರಿ."

ಆಗಿದ್ದು ಆಯಿತು. ಎರಡೇ ಮಾತಿನಲ್ಲಿ ಮುಗಿದೇ ಹೋಯಿತಲ್ಲ! ಆದೆಪ್ಪ ಚಹಾ ಮುಟ್ಟಲಿಲ್ಲ.

"ನಮ್ಮವ್ವ ಸತ್ತಾಗ ನೀವು ಒಂದು ಮಾತು ಅಂದ್ರಂತ, ಸಾವ್ಕಾರ್ರೀ."

"ಏನಂದಿದ್ನೋ ಏನೋ... ಮಂದಿ ಒಂದಕ್ಕೆರಡು ಕೂಡಿಸ್ತಾರ."

"ದೇವರ ಕಚೇರ್ಯಾಗ ತೀರ್ಪ ಆತು ಅಂದ್ರಂತ."

ಸಾಹುಕಾರರು ಬಾಯಿ ತೆರೆಯುವ ಮೊದಲು ಒಳಬಾಗಿಲ ಹೊಸ್ತಿಲಿನಿಂದ ಒಂದು ಮುದಿ ದನಿ ಬಂತು. ಸಾಹುಕಾರರ ಮನೆ ಅಂಗಡಿಯ ಹಿಂದೆಯೇ. ಅವರ ತಾಯಿ ಮಹಾಂತಮ್ಮ ದಿನಾ ಊಟವಾದ ಮೇಲೆ ಆ ಹೊಸ್ತಿಲಿಗೆ ಬಂದು ಕೂರುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಹನ್ನೊಂದು ವರ್ಷ ಆದೆಪ್ಪ ಚೀಲ ಇಳಿಸಿ ಬಂದಾಗಲೆಲ್ಲ ಮಜ್ಜಿಗೆ ಕೊಟ್ಟವಳು.

"ಗಡಿಗೆಪ್ಪ, ಈ ಹುಡುಗ ಕದ್ದಿಲ್ಲಂದ್ರ ಆಣಿ ಖರೇನ ಮಾಡ್ಯಾನ. ಖರೇ ಆಣಿ ಮಾಡಿದ ಮ್ಯಾಲ ಇವನವ್ವ ಯಾಕ ಸತ್ಲೋ?"

ಕಟ್ಟೆಯ ಮೇಲಿದ್ದವರೆಲ್ಲ ಸಾಹುಕಾರರನ್ನು ನೋಡಿದರು.

"ವಯಸ್ಸಾಗಿತ್ತಬೇ ಅಕಿಗೆ" ಎಂದರು ಸಾಹುಕಾರರು, ಅವಸರ ಅವಸರವಾಗಿ. "ಎಂಬತ್ತು ದಾಟಿತ್ತಂತ. ಅಲ್ಲೇನೋ ಆದೆಪ್ಪ? ವಯಸ್ಸಾಗೇ ಹ್ವಾದಳಲ್ಲ?"

ಅವ್ವ ಸತ್ತಾಗಿನಿಂದ ಅವನು ಬಾಗಿಲು ಬಾಗಿಲಿಗೆ ಹೋಗಿ ಹೇಳಿದ ಮಾತೇ ಅದು. ಆಗ ಯಾರಿಗೂ ಬೇಡವಾಗಿದ್ದ ಮಾತು. ಈಗ ಅದನ್ನು ಹೌದೆನ್ನು ಎಂದು ಹಣೆತುಂಬ ವಿಭೂತಿಯ ಮನುಷ್ಯ ಕಣ್ಣಲ್ಲೇ ಬೇಡುತ್ತಿದ್ದ. ಹೌದೆಂದರೆ ಎಲ್ಲರಿಗೂ ಸಮಾಧಾನ. ಮುದುಕಿ ಎದ್ದು ಒಳಗೆ ಹೋಗಿ ಮಲಗುತ್ತಾಳೆ. ಆದೆಪ್ಪ ಮಹಾಂತಮ್ಮನ ಮಂಜು ಕಣ್ಣುಗಳನ್ನು ನೋಡಿದ. ಅವಳು ಕೊಟ್ಟ ಮಜ್ಜಿಗೆ ನೆನಪಾಯಿತು. ಅದಕ್ಕಿಂತ ಹತ್ತಿರದಲ್ಲಿ ಅವ್ವನ ಕುಣಿಯ ಮಣ್ಣು ಇತ್ತು.

"ಇಲ್ರಿ" ಎಂದ. "ನಮ್ಮವ್ವ ಗಟ್ಟಿ ಇದ್ಲು. ಅಕಿ ಆಣಿಗೇ ಹ್ವಾದ್ಲು. ಊರೆಲ್ಲ ಹೇಳ್ತು, ನೀವೂ ಹೇಳಿದ್ರಿ, ನಾನೂ ಈಗ ಒಪ್ಪೀನಿ. ಆದ್ರ ನನ್ನ ಆಣಿ ಖರೇ ಇತ್ತು. ತಪ್ಪಿಲ್ಲದ ಮನಿಗೆ ಬಂದು ಹೋಗಿದ್ದು, ಆಣಿ ಮಾಡ್ಸಿದ ಮನಿ ಬಿಡತದೇನ್ರಿ? ನನಗ ಮೂರು ಅಮಾಸಿ ಅಂತ ಕಾದು ಕುಂತಿದ್ರು. ಇನ್ನ ನಿಮಗ ಕಾಯ್ತಾರ."

"ಲೇ ಆದೆಪ್ಪ, ಏನ್ ಮಾತಾಡಾಕತ್ತೀಯಲೇ!" ಸಾಹುಕಾರರು ಈಗ ಗಾದಿಯಿಂದ ಎದ್ದರು. ಅಡ್ಡಪಂಚೆ ಕಾಲಿಗೆ ತೊಡರಿತು. "ತಪ್ಪಾತಪಾ. ಬೇಕಾದ್ರ ಗುಡಿಗೇ ಬಂದು ಹೇಳ್ತೀನಿ. ಆ ಮಾತು ವಾಪಸ್ ತೊಗೋ."

"ನಾ ಇಟ್ಟಿದ್ದಲ್ಲರಿ ಅದು. ನೀವ ಇಟ್ಟಿದ್ದು."

ಚಪ್ಪಲಿ ಹುಡುಕುತ್ತಿದ್ದವರು ಕೂಡ ನಿಂತರು. ನೋಡುವ ಮಂದಿಗೆ ನೋಡಲು ಹೊಸ ಮನೆ ಸಿಕ್ಕಿತ್ತು. ಅವರಲ್ಲೊಬ್ಬ ಆಗಲೇ ಪಕ್ಕದವನ ಕಿವಿಗೆ ಬಾಯಿ ಹಚ್ಚಿದ್ದ.

ಹೊಸ್ತಿಲಿನಲ್ಲಿ ಮಹಾಂತಮ್ಮ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಎದ್ದಳು.

"ಗಡಿಗೆಪ್ಪ, ಯುಗಾದಿ ಅಮಾಸಿ ಎಂದದನೋ?"

ಮಗ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ.

ವಿನೋದನನ್ನು ಠಾಣೆಗೆ ಒಪ್ಪಿಸಿ, ಆಸ್ಪತ್ರೆಯಲ್ಲಿ ತೊಡೆಗೆ ಆರು ಹೊಲಿಗೆ ಹಾಕಿಸಿಕೊಂಡು, ಹುಸೇನಪೀರನ ಗಾಡಿಯಲ್ಲಿ ಊರ ಕಡೆ ಹೊರಟರು. ರಾಯಚೂರು ದಾಟಿದ ಮೇಲೆ ತಿಮ್ಮವ್ವ ಕೇಳಿದಳು.

"ಅತ್ತಿ ವಯಸ್ಸಾಗೇ ಹ್ವಾದಳು. ನಾನ ಕಾಲು ಒತ್ತೀನಿ ಅವತ್ತು. ನಿನಗ ಗೊತ್ತಿಲ್ಲೇನು?"

"ನನಗ ಗೊತ್ತದ, ನಿನಗ ಗೊತ್ತದ."

"ಮತ್ತ ಆ ಮುದುಕಿ? ಅಕಿ ಏನ್ ಮಾಡಿದ್ಲು ನಿನಗ?"

ಆದೆಪ್ಪ ಖಾರಕ್ಕೆ ಊದಿದ ಕಣ್ಣನ್ನು ರಸ್ತೆಯಿಂದ ತೆಗೆಯಲಿಲ್ಲ.

"ನಮ್ಮವ್ವ ಏನ್ ಮಾಡಿದ್ಲು ಅವರಿಗೆ?" ಎಂದ.